ಶುಶ್ರೂಷೆಯ ಪಾಂಡಿತ್ಯ

ಮಲೆನಾಡಿನ ಒಂದು ಸಣ್ಣ ಊರಿನಲ್ಲಿ, ಎಂಬತ್ತು ವರ್ಷ ದಾಟಿದ ವೃದ್ಧೆಯೊಬ್ಬರಿಗೆ ಒಂದು ದಿನ ವಿಚಿತ್ರವಾದ ಪೇಚು ಒದಗಿತು. ಅಮೆರಿಕಾ ದೇಶದ ಆಸ್ಪತ್ರೆಯೊಂದರಲ್ಲಿ ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ದಾದಿಯ ಕೆಲಸ ಮಾಡಿಕೊಂಡಿರುವ ಅವರ ಮಗಳು, ತನಗೆ ಡಾಕ್ಟರ್ ಪದವಿ ದೊರೆಯಿತೆಂದು ದೂರವಾಣಿಯಲ್ಲಿ ತಿಳಿಸಿದಳು. ತಾಯಿಗೆ ಸಂತೋಷವಾಯಿತೆಂದು ಬೇರೆ ಹೇಳಬೇಕಾದುದಿಲ್ಲ. ದೇವರಿಗೆ ತುಪ್ಪದ ದೀಪ ಹಚ್ಚಿದ್ದಾಯಿತು. ನೆರೆಹೊರೆಗೆ ಸಕ್ಕರೆ ಹಂಚಿದ್ದಾಯಿತು. ಆದರೆ ನೆರೆಮನೆಯ ನಿವೃತ್ತ ಮೇಷ್ಟರು, “ಯಾವ ಡಾಕ್ಟರು ತಾಯಿ? ಔಷಧ ಕೊಡುವ ಡಾಕ್ಟರೋ, ಪುಸ್ತಕ ಬರೆಯುವ ಡಾಕ್ಟರೋ?” ಎಂದು ಕೇಳಿದಾಗ ಆ ತಾಯಿಗೆ ಉತ್ತರ ತೋರಲಿಲ್ಲ. ಆ ಸಂಜೆಯೇ ಮಗಳನ್ನು ವಿಚಾರಿಸಿದರು.

“ಡಾಕ್ಟರಾದೆ ಅಂದೆಯಲ್ಲ, ಇನ್ನು ಮೇಲೆ ನೀನೇ ಔಷಧ ಬರೆದುಕೊಡುತ್ತೀಯೇನೆ?”

“ಇಲ್ಲಮ್ಮ, ನಾನು ಓದಿದ್ದು ಆ ವಿಭಾಗವಲ್ಲ.”

“ಕೊಯ್ದು ಹೊಲಿಯುವುದೋ?”

“ಅದೂ ಅಲ್ಲ.”

“ಹಾಗಾದರೆ ಮೇಷ್ಟರು ಹೇಳಿದ ಹಾಗೆ ಪುಸ್ತಕ ಬರೆದೆಯಾ?”

“ಪುಸ್ತಕವನ್ನೂ ಬರೆಯಲಿಲ್ಲಮ್ಮ.”

“ಮತ್ತೆ ಎಂಥ ಡಾಕ್ಟರೇ ನೀನು?”

ಮಗಳು ನಕ್ಕುಬಿಟ್ಟಳು. ಆದರೆ ಪ್ರಶ್ನೆ ನಗೆಯಲ್ಲಿ ತೀರಿಹೋಗುವಂಥದಲ್ಲ. ಕೇಳಿದವರು ಮೂರನೆಯ ತರಗತಿಗಿಂತ ಹೆಚ್ಚು ಓದಿದವರಲ್ಲವಾದರೂ, ಇದೇ ಪ್ರಶ್ನೆಯನ್ನು ಅಮೆರಿಕಾದ ವೈದ್ಯರೂ, ವಿಶ್ವವಿದ್ಯಾನಿಲಯಗಳ ಪಂಡಿತರೂ, ಕಡೆಗೆ ದಾದಿಯರೇ ತಮ್ಮತಮ್ಮೊಳಗೂ ಕೇಳಿಕೊಳ್ಳುತ್ತ ಬಂದಿದ್ದಾರೆ. ಹಾಸಿಗೆ ಹಾಸುವ, ಮೈ ತೊಳೆಯುವ, ಜ್ವರ ನೋಡುವ, ಹೊತ್ತಿಗೆ ಸರಿಯಾಗಿ ಮದ್ದು ಕುಡಿಸುವ ಕೆಲಸದಲ್ಲಿ ಪಾಂಡಿತ್ಯಕ್ಕೆ ಎಲ್ಲಿ ಎಡೆ? ಎಡೆಯಿದ್ದರೆ ಆ ಪಾಂಡಿತ್ಯದಿಂದ ರೋಗಿಗೆ ಏನು ಲಾಭ?

ಶುಶ್ರೂಷೆ ಎಂಬ ಮಾತನ್ನೇ ಮೊದಲು ನೋಡಬಹುದು. ಕನ್ನಡಕ್ಕೆ ಇದು ಸಂಸ್ಕೃತದಿಂದ ಬಂದ ಮಾತು. ಇದರ ಮೂಲಾರ್ಥ ಸೇವೆಯಲ್ಲ, ಕೇಳಬೇಕೆಂಬ ಇಚ್ಛೆ. ಕೇಳಲು ಬಯಸುವವನು ಹತ್ತಿರವಿರಬೇಕು. ಹತ್ತಿರವಿದ್ದು ಕೇಳಿದವನು ಕೇಳಿದ್ದನ್ನು ನಡೆಸಿಕೊಡಬೇಕು. ಹೀಗೆ ವಿಧೇಯತೆ, ಪರಿಚರ್ಯೆ ಎಂಬ ಅರ್ಥಗಳು ಅದಕ್ಕೆ ಕ್ರಮವಾಗಿ ಕೂಡಿಬಂದುವು. ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಿಗೂ ನಾಲ್ಕು ಗುಣಗಳನ್ನು ವಿಧಿಸುತ್ತದೆ: ಉಪಚಾರದ ಜ್ಞಾನ, ದಕ್ಷತೆ, ರೋಗಿಯಲ್ಲಿ ಅನುರಾಗ ಮತ್ತು ಶುಚಿತ್ವ. ನಾಲ್ಕರಲ್ಲಿ ಜ್ಞಾನವನ್ನು ಎಣಿಸಿರುವುದು ಗಮನಿಸತಕ್ಕದ್ದು. ಕೇವಲ ಪ್ರೀತಿಯಿದ್ದರೆ ಸಾಲದೆಂಬುದನ್ನು ಹಿಂದಿನವರು ಬಲ್ಲವರಾಗಿದ್ದರು. ಆದರೂ ಲೋಕರೂಢಿಯಲ್ಲಿ ಪರಿಚಾರಕನು ಹೇಳಿದ್ದನ್ನು ಕೇಳುವವನಾಗಿಯೇ ಉಳಿದನು. ಅವನು ಹೇಳುವುದನ್ನು ಕೇಳುವವರು ವಿರಳವಾದರು.

ಯುರೋಪಿನಲ್ಲಿ ಈ ರೂಢಿಯನ್ನು ಅಲುಗಿಸಿದಾಕೆ ಫ್ಲಾರೆನ್ಸ್ ನೈಟಿಂಗೇಲ್. 1854ರ ನವೆಂಬರಿನಲ್ಲಿ ಆಕೆ 38 ಮಂದಿ ದಾದಿಯರೊಡನೆ ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಬಂದಳು. ದೀಪ ಹಿಡಿದು ರಾತ್ರಿಯಲ್ಲಿ ಸುತ್ತುವ ದೇವಿಯೆಂದು ಶಾಲೆಯ ಪಾಠಗಳು ಆಕೆಯನ್ನು ಚಿತ್ರಿಸುತ್ತವೆ. ಆ ಚಿತ್ರ ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಆಕೆಯ ದೀಪವಿದ್ದೂ 1855ರ ಫೆಬ್ರವರಿಯಲ್ಲಿ ಆ ಆಸ್ಪತ್ರೆಯ ಸೈನಿಕರಲ್ಲಿ ನೂರಕ್ಕೆ ಸುಮಾರು 42 ಮಂದಿ ಸತ್ತರು. ಗಾಯಗಳಿಂದಲ್ಲ, ಬಹುಪಾಲು ವಿಷಮಜ್ವರ ಆಮಶಂಕೆಗಳಿಂದ. ಆ ಮಾರ್ಚಿಯಲ್ಲಿ ಆರೋಗ್ಯ ನಿಯೋಗವೊಂದು ಬಂದು ಕಟ್ಟಡದಡಿಯ ಚರಂಡಿಗಳನ್ನು ತೊಳೆಯಿಸಿ, ಗಾಳಿ ಆಡುವಂತೆ ಮಾಡಿಸಿದ ಮೇಲೆ, ಜೂನಿನ ಹೊತ್ತಿಗೆ ಆ ಸಂಖ್ಯೆ ನೂರಕ್ಕೆ ಎರಡು ಮೂರಕ್ಕೆ ಇಳಿಯಿತು. ಯುದ್ಧ ಮುಗಿದು ಊರಿಗೆ ಮರಳಿದ ಮೇಲೆ ನೈಟಿಂಗೇಲಳು ಈ ಅಂಕಿಗಳನ್ನು ಮುಂದಿಟ್ಟುಕೊಂಡು ಕುಳಿತಳು. ತಿಂಗಳುತಿಂಗಳಿನ ಸಾವುಗಳನ್ನು ಹೂವಿನ ದಳಗಳಂತೆ ಬಣ್ಣದಲ್ಲಿ ಬರೆದು 1858ರಲ್ಲಿ ಅಚ್ಚುಹಾಕಿಸಿ ಮಂತ್ರಿಗಳ ಮುಂದಿರಿಸಿದಳು. ಸೈನಿಕನ ಹಣೆಯ ಮೇಲೆ ಒದ್ದೆಬಟ್ಟೆ ಹಾಕುವುದು ಶುಶ್ರೂಷೆ. ಅವನು ಮಲಗಿದ ಕಟ್ಟಡದ ಕೆಳಗಿರುವ ಚರಂಡಿ ಅವನನ್ನು ಕೊಲ್ಲುತ್ತಿದೆಯೆಂದು ಲೆಕ್ಕದಿಂದ ತೋರಿಸಿ ಅಧಿಕಾರಿಗಳನ್ನು ಕದಲಿಸುವುದೂ ಶುಶ್ರೂಷೆಯೇ. ಈಗಿನ ಪದವಿಯ ಬೀಜ ಇಲ್ಲಿದೆ.

ಬೀಜ ಮರವಾಗುವುದಕ್ಕೆ ನೂರೈವತ್ತು ವರ್ಷಗಳು ಹಿಡಿದುವು. 1860ರಲ್ಲಿ ಲಂಡನ್ನಿನ ಸೇಂಟ್ ತಾಮಸ್ ಆಸ್ಪತ್ರೆಯಲ್ಲಿ ನೈಟಿಂಗೇಲಳ ಹೆಸರಿನ ಶಾಲೆ ತೆರೆಯಿತು. 1873ರಲ್ಲಿ ಅಮೆರಿಕಾದ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ಅದರ ಮಾದರಿಯ ಶಾಲೆ ಆರಂಭವಾಯಿತು. ಆ ಕಾಲದ ಇಂಥ ಶಾಲೆಗಳು ಹೆಸರಿಗೆ ಶಾಲೆಗಳಾದರೂ, ವಿದ್ಯಾರ್ಥಿನಿಯರು ಬಹುಮಟ್ಟಿಗೆ ಆಸ್ಪತ್ರೆಯ ಅಗ್ಗದ ಆಳುಗಳೇ ಆಗಿದ್ದರು. ದಿನವೆಲ್ಲ ದುಡಿದು, ಉಳಿದ ಹೊತ್ತಿನಲ್ಲಿ ಪಾಠ ಕೇಳುತ್ತಿದ್ದರು. 1907ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಸೇರಿದ ಟೀಚರ್ಸ್ ಕಾಲೇಜಿನಲ್ಲಿ ಅಡಿಲೇಡ್ ನಟ್ಟಿಂಗ್ ಎಂಬಾಕೆ ಪ್ರೊಫೆಸರ್ ಪದವಿಗೇರಿದಳು. ದಾದಿಯೊಬ್ಬಳು ಆ ಪೀಠದಲ್ಲಿ ಕುಳಿತದ್ದು ಲೋಕದಲ್ಲಿ ಅದೇ ಮೊದಲು. 1909ರಲ್ಲಿ ಮಿನ್ನೆಸೋಟಾ ವಿಶ್ವವಿದ್ಯಾನಿಲಯವೂ, 1923ರಲ್ಲಿ ಯೇಲ್ ವಿಶ್ವವಿದ್ಯಾನಿಲಯವೂ ಈ ವಿದ್ಯೆಗೆ ಬಾಗಿಲು ತೆರೆದುವು. ಅನಂತರ ದಾದಿಯರು ಡಾಕ್ಟರ್ ಪದವಿಯನ್ನು ಪಡೆಯತೊಡಗಿದರಾದರೂ, ಅದು ಶಿಕ್ಷಣಶಾಸ್ತ್ರದಲ್ಲಿ ಇಲ್ಲವೆ ಸಂಶೋಧನೆಯಲ್ಲಿ. ಕೆಲಸದಲ್ಲಿ ನುರಿತವರಿಗೆ ಕೆಲಸದಲ್ಲಿಯೇ ಪರಮ ಪದವಿ ಎಂಬುದು ಬೇರೂರಿದ್ದು ಬಹು ಈಚೆಗೆ. 2001ರಲ್ಲಿ ಕೆಂಟಕಿ ವಿಶ್ವವಿದ್ಯಾನಿಲಯವು ‘ಡಾಕ್ಟರ್ ಆಫ್ ನರ್ಸಿಂಗ್ ಪ್ರಾಕ್ಟಿಸ್’ ಎಂಬ ಪದವಿಯನ್ನು ಮೊಟ್ಟಮೊದಲು ಆರಂಭಿಸಿತು. 2004ರಲ್ಲಿ ಅಮೆರಿಕಾದ ಶುಶ್ರೂಷಾ ಕಾಲೇಜುಗಳ ಸಂಘ ಅದನ್ನು ಎತ್ತಿಹಿಡಿಯಿತು. ಈಗ ಆ ದೇಶದಲ್ಲಿ 400ಕ್ಕೂ ಹೆಚ್ಚು ವಿದ್ಯಾಸಂಸ್ಥೆಗಳು ಇದನ್ನು ಬೋಧಿಸುತ್ತಿವೆ.

ಮೇಷ್ಟರ ಪ್ರಶ್ನೆಗೆ ಉತ್ತರ ಇಲ್ಲಿ ಅಡಗಿದೆ. ಪಿಎಚ್.ಡಿ. ಎಂಬುದು ಹೊಸ ಜ್ಞಾನವನ್ನು ಹುಡುಕುವವರ ಪದವಿ. ಇದು ಹುಡುಕಿದ ಜ್ಞಾನವನ್ನು ರೋಗಿಯ ಹಾಸಿಗೆಯವರೆಗೆ ಮುಟ್ಟಿಸುವವರ ಪದವಿ. ಅದಕ್ಕೆ ಬೇರೆ ಪದವಿ ಏತಕ್ಕೆ, ತಿಳಿದದ್ದು ತಾನಾಗಿಯೇ ನಡೆಯುವುದಿಲ್ಲವೇ ಎಂದರೆ, ನಡೆಯುವುದಿಲ್ಲವೆಂದೇ ಹೇಳಬೇಕಾಗಿದೆ. ವೈದ್ಯಶಾಸ್ತ್ರದಲ್ಲಿ ಸಿದ್ಧವಾದ ಸಂಗತಿಯೊಂದು ಆಸ್ಪತ್ರೆಗಳ ನಿತ್ಯದ ನಡವಳಿಕೆಯಾಗುವುದಕ್ಕೆ ಸರಾಸರಿ 17 ವರ್ಷಗಳು ಬೇಕಾಗುತ್ತವೆಂದು 2000ದಲ್ಲಿ ಪ್ರಕಟವಾದ ಗಣನೆಯೊಂದು ತಿಳಿಸಿತು. ಅದಕ್ಕೆ ಮುಂಚಿನ ವರ್ಷ, 1999ರಲ್ಲಿ, ಅಮೆರಿಕಾದ ವೈದ್ಯವಿಜ್ಞಾನ ಸಂಸ್ಥೆಯು ಆ ದೇಶದ ಆಸ್ಪತ್ರೆಗಳಲ್ಲಿ ತಪ್ಪುಗಳಿಂದಲೇ ವರ್ಷಕ್ಕೆ 44,000ದಿಂದ 98,000ದವರೆಗೆ ಜನ ಸಾಯುತ್ತಿದ್ದಾರೆಂದು ಅಂದಾಜು ಮಾಡಿ ದೇಶವನ್ನು ಬೆಚ್ಚಿಬೀಳಿಸಿತು. ಇವರನ್ನು ಕೊಂದದ್ದು ದುಷ್ಟತನವಲ್ಲ. ಅಜ್ಞಾನವೂ ಅಷ್ಟಾಗಿ ಅಲ್ಲ. ಒಬ್ಬರು ಬಲ್ಲದ್ದು ಇನ್ನೊಬ್ಬರಿಗೆ ಮುಟ್ಟಲಿಲ್ಲ, ಮುಟ್ಟಿದರೂ ನಡೆಯಲಿಲ್ಲ, ಕಂಡವರು ಹೇಳಲಿಲ್ಲ, ಹೇಳಿದರೂ ಕೇಳುವವರಿರಲಿಲ್ಲ.

ಮಲೆನಾಡಿನ ಆ ತಾಯಿಯ ಮಗಳಿಗೆ ಇದು ಅಂಕಿಯ ಮಾತಾಗಿರಲಿಲ್ಲ. ಆಕೆ ಆ ದೇಶಕ್ಕೆ ಹೋದ ಮೊದಲ ವರ್ಷ, ಸೊಂಟದ ಮೂಳೆ ಮುರಿದುಕೊಂಡ ವೃದ್ಧನೊಬ್ಬ ಆಕೆಯ ವಾರ್ಡಿಗೆ ಬಂದಿದ್ದನು. ರೈಲ್ವೆಯಲ್ಲಿ ದುಡಿದು ವಿಶ್ರಾಂತಿ ಪಡೆದವನು, ಮಾತುಗಾರ, ಆಕೆಯ ಊರಿನ ಮಳೆಯ ವಿಚಾರ ಕೇಳಿ ಕೇಳಿ ಸಂತೋಷಪಡುತ್ತಿದ್ದನು. ಶಸ್ತ್ರಚಿಕಿತ್ಸೆಯ ಕಾಲದಲ್ಲಿ ಅವನಿಗೆ ಮೂತ್ರದ ನಳಿಕೆಯನ್ನು ಇಟ್ಟಿದ್ದರು. ಅಂಥ ನಳಿಕೆ ಒಳಗಿದ್ದಷ್ಟು ದಿನವೂ ಸೋಂಕಿನ ಭಯ ದಿನದಿಂದ ದಿನಕ್ಕೆ ಏರುತ್ತದೆಂಬುದು ದಾದಿಯರ ಮೊದಲ ಪಾಠಗಳಲ್ಲಿ ಒಂದು. ಮೂರನೆಯ ದಿನ ಆಕೆ ಅದನ್ನು ಗಮನಿಸಿ ಹಿರಿಯ ದಾದಿಗೆ ಹೇಳಿದಳು. ವೈದ್ಯರು ತೆಗೆಯಹೇಳಿಲ್ಲವಲ್ಲ, ಅವರೇ ನೋಡಿಕೊಳ್ಳುತ್ತಾರೆ, ಎಂಬ ಉತ್ತರ ಬಂದಿತು. ಹೊಸಬಳು, ಪರದೇಶದವಳು, ಮಾತಿನಲ್ಲಿ ಇನ್ನೂ ಊರಿನ ಎಳೆತ ಹೋಗದವಳು, ಆಕೆ ಸುಮ್ಮನಾದಳು. ವೈದ್ಯರೂ ಕೆಟ್ಟವರಲ್ಲ. ಅವರಿಗೆ ಮರೆತಿತ್ತು, ಅಷ್ಟೆ. ತಮ್ಮ ರೋಗಿಗೆ ನಳಿಕೆ ಇಟ್ಟಿದೆಯೆಂಬುದೇ ನಾಲ್ವರು ವೈದ್ಯರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ತಿಳಿದಿರುವುದಿಲ್ಲವೆಂದು 2000ದಲ್ಲಿ ಪ್ರಕಟವಾದ ಪರಿಶೀಲನೆಯೊಂದು ತೋರಿಸಿದ್ದಿತು. ಆದರೆ ಆ ಪತ್ರಿಕೆ ಆ ವಾರ್ಡಿನ ಕಪಾಟಿಗೆ ಬಂದಿರಲಿಲ್ಲ. ಎಂಟನೆಯ ದಿನ ವೃದ್ಧನಿಗೆ ಚಳಿಜ್ವರ ಬಂದಿತು. ಸೋಂಕು ರಕ್ತಕ್ಕೆ ಏರಿತು. ಹನ್ನೊಂದನೆಯ ದಿನ ಅವನು ತೀರಿಕೊಂಡನು. ಮೂಳೆ ಚೆನ್ನಾಗಿ ಕೂಡಿಕೊಳ್ಳುತ್ತಿದ್ದಿತು.

ಯಾರೂ ಆಕೆಯನ್ನು ದೂಷಿಸಲಿಲ್ಲ. ಪುಸ್ತಕದಲ್ಲಿ ಆಕೆ ಬರೆದಿದ್ದುದೆಲ್ಲವೂ ಸರಿಯಾಗಿದ್ದಿತು. ಕೊಟ್ಟ ಮದ್ದು, ಅಳೆದ ಜ್ವರ, ಬದಲಾಯಿಸಿದ ಬಟ್ಟೆ, ಯಾವುದರಲ್ಲಿಯೂ ಲೋಪವಿರಲಿಲ್ಲ. ಆಡಬೇಕಾಗಿದ್ದ ಎರಡನೆಯ ಮಾತನ್ನು ಆಡದೆ ಹೋದುದಕ್ಕೆ ಪುಸ್ತಕದಲ್ಲಿ ಕಲಮು ಇರಲಿಲ್ಲ. ಆಕೆಯ ಮನಸ್ಸಿನಲ್ಲಿ ಮಾತ್ರ ಆ ಕಲಮು ಖಾಲಿಯಾಗಿಯೇ ಉಳಿಯಿತು. ಒಂದು ಹಾಸಿಗೆಯ ಪಕ್ಕದಲ್ಲಿ ಎಷ್ಟು ಶ್ರದ್ಧೆಯಿಂದ ನಿಂತರೂ, ಆ ಹಾಸಿಗೆಯನ್ನು ಸುತ್ತಿಕೊಂಡಿರುವ ವ್ಯವಸ್ಥೆ ಕೆಟ್ಟಿದ್ದರೆ ಶ್ರದ್ಧೆ ರೋಗಿಯನ್ನು ಉಳಿಸಲಾರದು ಎಂಬುದನ್ನು ಆಕೆ ಅಂದು ಮನಗಂಡಳು. ನಲವತ್ತೈದು ದಾಟಿದ ಮೇಲೆ, ಮಕ್ಕಳು ಕಾಲೇಜು ಸೇರಿದ ಮೇಲೆ, ಸಾಲಮಾಡಿ ಈ ಪದವಿಗೆ ಹೆಸರು ಹಚ್ಚಿದ್ದಕ್ಕೆ ಮೂಲ ಅಲ್ಲಿದೆ.

ಶುಶ್ರೂಷೆಯ ಮುಂದಾಳುತನವನ್ನು ಕಲಿಸುವ ಈ ಪದವಿಗೆ ಬರುವವರು ಬಹುಮಟ್ಟಿಗೆ ಇಂಥವರೇ. ಹಗಲು ಆಸ್ಪತ್ರೆಯಲ್ಲಿ ದುಡಿದು, ರಾತ್ರಿ ಅಡಿಗೆಮನೆಯ ಮೇಜಿನ ಮೇಲೆ ಯಂತ್ರವನ್ನಿಟ್ಟುಕೊಂಡು ಪಾಠ ಕೇಳುತ್ತಾರೆ. ಅನೇಕ ಕಡೆ ವರ್ಷಕ್ಕೆ ಕೆಲವು ದಿನ ಮಾತ್ರ ವಿಶ್ವವಿದ್ಯಾನಿಲಯಕ್ಕೆ ಹೋಗಿ ಗುರುಗಳನ್ನು ಕಂಡುಬರುತ್ತಾರೆ. ಓದು ಎರಡರಿಂದ ನಾಲ್ಕು ವರ್ಷಗಳವರೆಗೆ ನಡೆಯುತ್ತದೆ. 2006ರಲ್ಲಿ ಕಾಲೇಜುಗಳ ಸಂಘವು ಇದಕ್ಕೆ ಎಂಟು ಅಂಗಗಳನ್ನು ನಿಯಮಿಸಿತು; 2021ರಲ್ಲಿ ಅವನ್ನು ತಿದ್ದಿ ಹತ್ತು ಕ್ಷೇತ್ರಗಳಾಗಿ ವಿಂಗಡಿಸಿತು. ಸಂಖ್ಯಾಶಾಸ್ತ್ರ, ರೋಗಗಳು ಜನಸಮುದಾಯದಲ್ಲಿ ಹರಡುವ ರೀತಿ, ಆಯವ್ಯಯ, ಕಾನೂನು, ಸರ್ಕಾರದ ಆರೋಗ್ಯನೀತಿ, ಮಾಹಿತಿ ಯಂತ್ರಗಳ ಬಳಕೆ, ಬೇರೆ ವೃತ್ತಿಯವರೊಡನೆ ಕೂಡಿ ನಡೆಯುವ ಕ್ರಮ, ಇವೆಲ್ಲ ಅದರಲ್ಲಿ ಸೇರಿವೆ. ಮೊದಲ ಪದವಿಯ ಮೇಲೆ 1,000 ಗಂಟೆಗಳಷ್ಟು ಕಾಲ ಪ್ರತ್ಯಕ್ಷ ಕಾರ್ಯದಲ್ಲಿ ಕಳೆಯಬೇಕೆಂಬುದು ಬಹುಕಾಲದಿಂದ ನಡೆದು ಬಂದ ಕಟ್ಟಳೆ. ಕಡೆಗೆ ಮಹಾಪ್ರಬಂಧದ ಸ್ಥಾನದಲ್ಲಿ ಒಂದು ಕಾರ್ಯ: ತನ್ನದೇ ಆಸ್ಪತ್ರೆಯಲ್ಲಿ ಒಂದು ಕೊರತೆಯನ್ನು ಕಂಡು, ಅದರ ವಿಷಯದಲ್ಲಿ ಲೋಕದಲ್ಲಿ ಸಿದ್ಧವಾಗಿರುವುದೇನೆಂದು ಓದಿ, ಅದನ್ನು ಅಲ್ಲಿ ನಡೆಸಿ, ಮುಂಚೆ ಹೇಗಿತ್ತು ಈಗ ಹೇಗಾಯಿತು ಎಂದು ಅಳೆದು ತೋರಿಸಬೇಕು.

ಮುಂದಾಳುತನವೆಂಬುದು ಓದಿ ಬರುವ ಗುಣವೇ ಎಂದು ಕೆಲವರು ಸಂಶಯಿಸುತ್ತಾರೆ. ಸಂಶಯಕ್ಕೆ ಕಾರಣವಿಲ್ಲದಿಲ್ಲ. ಆದರೆ ಮಿಷಿಗನ್ ಸಂಸ್ಥಾನದಲ್ಲಿ ನಡೆದ ಒಂದು ಕಾರ್ಯವನ್ನು ನೆನೆದರೆ, ಇದರಲ್ಲಿ ಕಲಿಯುವಂಥದೂ ಬಹಳವಿದೆಯೆಂದು ತೋರುತ್ತದೆ. ಕಠಿಣ ರೋಗಿಗಳ ಕತ್ತಿನ ದೊಡ್ಡ ರಕ್ತನಾಳಕ್ಕೆ ಹಾಕುವ ನಳಿಕೆಯಿಂದ ರಕ್ತಕ್ಕೆ ಸೋಂಕು ತಗಲುವುದುಂಟು. ಅದನ್ನು ತಡೆಯುವುದಕ್ಕೆ ಐದೇ ನಿಯಮಗಳು: ಕೈ ತೊಳೆಯುವುದು, ರೋಗಿಯ ಮೈಯನ್ನು ಶುದ್ಧವಾದ ಬಟ್ಟೆಯಿಂದ ಪೂರ್ತಿ ಹೊದಿಸಿ ತಾವೂ ಮುಸುಕು ನಿಲುವಂಗಿಗಳನ್ನು ಧರಿಸುವುದು, ಚರ್ಮವನ್ನು ಕ್ಲೋರ್‌ಹೆಕ್ಸಿಡಿನ್ ದ್ರವದಿಂದ ಒರೆಸುವುದು, ಸಾಧ್ಯವಾದಷ್ಟು ತೊಡೆಸಂದಿನ ನಾಳವನ್ನು ಬಿಡುವುದು, ಬೇಡವಾದ ನಳಿಕೆಯನ್ನು ಕೂಡಲೆ ತೆಗೆಯುವುದು. ಐದನ್ನೂ ವೈದ್ಯರೆಲ್ಲರೂ ಬಲ್ಲರು. ಬಲ್ಲವರೇ ಅವಸರದಲ್ಲಿ ಒಂದನ್ನು ಬಿಡುತ್ತಿದ್ದರು. ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ಪೀಟರ್ ಪ್ರೊನೊವೋಸ್ಟ್ ಎಂಬ ವೈದ್ಯನು 2001ರಲ್ಲಿ ಇವನ್ನು ಒಂದು ಪಟ್ಟಿಯಾಗಿ ಬರೆದನು. ಅದಕ್ಕಿಂತ ಮುಖ್ಯವಾಗಿ, ವೈದ್ಯನು ಒಂದನ್ನು ಬಿಟ್ಟರೆ ದಾದಿ ಅವನನ್ನು ಅಲ್ಲಿಯೇ ನಿಲ್ಲಿಸಬಹುದೆಂಬ ಅಧಿಕಾರವನ್ನು ಆಡಳಿತದವರಿಂದ ಕೊಡಿಸಿದನು. ಆ ಕ್ರಮವನ್ನು ಮಿಷಿಗನ್ನಿನ ನೂರಕ್ಕೂ ಮೇಲ್ಪಟ್ಟ ವಾರ್ಡುಗಳಲ್ಲಿ ನಡೆಸಿದಾಗ ಸೋಂಕು ನೂರಕ್ಕೆ 66ರವರೆಗೂ ಇಳಿಯಿತೆಂದು 2006ರಲ್ಲಿ ಪ್ರಕಟವಾಯಿತು. ಪಟ್ಟಿಯನ್ನು ಗೋಡೆಗೆ ಅಂಟಿಸುವುದು ಸುಲಭ. ‘ನಿಲ್ಲಿಸಿ’ ಎಂದು ಹೇಳಿದ ದಾದಿಗೆ ಮರುದಿನ ಅದರಿಂದ ಕೇಡಾಗದಂತೆ ನೋಡಿಕೊಳ್ಳುವುದು ಕಷ್ಟ. ಮುಂದಾಳುತನದ ಕೆಲಸ ಈ ಎರಡನೆಯದು.

ಆಕೆಯೂ ತನ್ನ ಕಾರ್ಯಕ್ಕೆ ಆ ಹಳೆಯ ನಳಿಕೆಯನ್ನೇ ಆರಿಸಿಕೊಂಡಳು. ವೈದ್ಯರೊಡನೆ ಕುಳಿತು ನಿಯಮ ಬರೆದಳು: ನಿಗದಿಯಾದ ಕಾರಣಗಳಿಲ್ಲದಿದ್ದರೆ, ಆಜ್ಞೆಗಾಗಿ ಕಾಯದೆ, ದಾದಿಯೇ ನಳಿಕೆಯನ್ನು ತೆಗೆಯಬಹುದು. ವೈದ್ಯರು ಒಪ್ಪಿದರು. ಎಲ್ಲರಿಗೂ ಪಾಠ ಹೇಳಿದ್ದಾಯಿತು, ಚೀಟಿಗಳನ್ನು ಅಚ್ಚುಮಾಡಿಸಿದ್ದಾಯಿತು. ಒಂದು ತಿಂಗಳು ಕಳೆದು ನೋಡಿದರೆ ಹೆಚ್ಚೇನೂ ಬದಲಾಗಿರಲಿಲ್ಲ. ಹಗಲಿನವರು ಅಷ್ಟಿಷ್ಟು ನಡೆಸಿದ್ದರು. ರಾತ್ರಿಯವರ ಚೀಟಿಗಳು ಹಾಗೆಯೇ ಇದ್ದುವು. ಆಕೆಗೆ ಕೋಪ ಬಂದಿತು. ಓದಿದವಳೆಂಬ ಹಮ್ಮು ಅಷ್ಟು ಹೊತ್ತಿಗೆ ಸ್ವಲ್ಪ ತಲೆಯೆತ್ತಿದ್ದುದೂ ಸುಳ್ಳಲ್ಲ. ಇನ್ನೊಂದು ಪಾಠ, ಇನ್ನಷ್ಟು ಕಟ್ಟುನಿಟ್ಟು ಎಂದು ಆಲೋಚಿಸಿದಳು. ಆಕೆಯ ಗುರುಗಳು ಮಾತ್ರ, ಮೂರು ರಾತ್ರಿ ವಾರ್ಡಿನಲ್ಲಿ ಸುಮ್ಮನೆ ಕುಳಿತು ಬರುವಂತೆ ಹೇಳಿದರು.

ಮೊದಲ ರಾತ್ರಿ ದಾದಿಯರು ಆಕೆಯನ್ನು ತನಿಖೆಗೆ ಬಂದವಳೆಂದೆಣಿಸಿ ಮಾತನಾಡಲಿಲ್ಲ. ಎರಡನೆಯ ರಾತ್ರಿ ಆಕೆ ಅವರೊಡನೆ ಹಾಸಿಗೆ ಸರಿಮಾಡಿದಳು. ಮೂರನೆಯ ರಾತ್ರಿ ಎರಡು ಗಂಟೆಯ ವೇಳೆಗೆ ಒಬ್ಬಳು ತಾನಾಗಿಯೇ ಹೇಳಿದಳು. ನಳಿಕೆ ತೆಗೆದರೆ ಮುದುಕರು ರಾತ್ರಿಯಲ್ಲಿ ನಾಲ್ಕು ಸಲ ಏಳುತ್ತಾರೆ. ಪ್ರತಿಸಲವೂ ಇಬ್ಬರು ಹಿಡಿದುಕೊಂಡು ಹೋಗಬೇಕು. ಹನ್ನೊಂದು ರೋಗಿಗಳಿಗೆ ಇರುವವರೇ ಇಬ್ಬರು. ಕರೆದಾಗ ಹೋಗಲಾಗದಿದ್ದರೆ ಅವರು ತಾವೇ ಎದ್ದು ಬೀಳುತ್ತಾರೆ. ಬಿದ್ದರೆ ಮತ್ತೆ ಸೊಂಟ ಮುರಿಯುತ್ತದೆ. ನಳಿಕೆ ಇದ್ದರೆ ಬೀಳುವುದಾದರೂ ಇಲ್ಲ. ಇದು ಸೋಮಾರಿತನವಲ್ಲ, ಭಯ. ಅದೂ ರೋಗಿಯ ಮೇಲಿನ ಅಕ್ಕರೆಯಿಂದ ಹುಟ್ಟಿದ ಭಯ. ಆಕೆ ಬರೆದ ನಿಯಮದಲ್ಲಿ ಈ ಭಯಕ್ಕೆ ಉತ್ತರವಿರಲಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ತನ್ನ ಮಾತನ್ನು ಯಾರೂ ಕೇಳಲಿಲ್ಲವೆಂದು ನೊಂದವಳೇ, ಈಗ ಕೇಳದೆ ನಿಯಮ ಬರೆದಿದ್ದಳು.

ಅನಂತರದ ಕೆಲಸ ವಾರ್ಡಿನಲ್ಲಿ ಆಗಲಿಲ್ಲ. ಲೆಕ್ಕಪತ್ರದ ಕಚೇರಿಯಲ್ಲಿ ಆಯಿತು. ರಾತ್ರಿಗೆ ಒಬ್ಬ ಸಹಾಯಕಿ ಬೇಕು. ಅವಳ ಸಂಬಳ ಎಲ್ಲಿಂದ? ಆಸ್ಪತ್ರೆಯಲ್ಲಿಯೇ ತಗಲಿದ ಈ ಬಗೆಯ ಸೋಂಕಿನ ಚಿಕಿತ್ಸೆಗೆ ಹೆಚ್ಚಿನ ಹಣ ಕೊಡುವುದನ್ನು ಮೆಡಿಕೇರ್ ಎಂಬ ವೃದ್ಧರ ಸರ್ಕಾರಿ ವಿಮೆಯು 2008ರ ಅಕ್ಟೋಬರಿನಿಂದ ನಿಲ್ಲಿಸಿದೆ. ಆಕೆ ಒಂದೊಂದು ಸೋಂಕಿನಿಂದ ಆಸ್ಪತ್ರೆಗಾಗುವ ನಷ್ಟವನ್ನೂ ಸಹಾಯಕಿಯ ಸಂಬಳವನ್ನೂ ಎದುರುಬದುರಾಗಿ ಬರೆದು ತೋರಿಸಿದಳು. ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ಪರಿಶೀಲಿಸಿ, ದಾದಿಯೊಬ್ಬಳ ಪಾಲಿಗೆ ಒಬ್ಬ ರೋಗಿ ಹೆಚ್ಚಿದರೆ ಮೂವತ್ತು ದಿನದೊಳಗಿನ ಸಾವಿನ ಸಂಭವ ನೂರಕ್ಕೆ 7ರಷ್ಟು ಏರುವುದನ್ನು ಲಿಂಡಾ ಐಕೆನ್ ಮೊದಲಾದವರು 2002ರಲ್ಲಿ ಕಂಡಿದ್ದರು, ಅದನ್ನೂ ಮುಂದಿಟ್ಟಳು. ಲೆಕ್ಕದ ಅಧಿಕಾರಿಗೆ ಅನುರಾಗದ ಭಾಷೆ ತಿಳಿಯದಿದ್ದರೂ ಅಂಕಿಯ ಭಾಷೆ ತಿಳಿಯಿತು. ಮೂರು ತಿಂಗಳ ಮಟ್ಟಿಗೆ ಸಹಾಯಕಿ ದೊರೆತಳು. ದಾದಿಯರ ಸಲಹೆಯಂತೆ, ಕರೆಯುವುದನ್ನು ಕಾಯದೆ ಹೊತ್ತುಹೊತ್ತಿಗೆ ತಾವೇ ಹೋಗಿ ಮುದುಕರನ್ನು ಎಬ್ಬಿಸಿ ಕರೆದೊಯ್ಯುವ ಪದ್ಧತಿ ಬಂದಿತು. ನಳಿಕೆಗಳು ಕಡಿಮೆಯಾದುವು. ಬೀಳುವವರು ಹೆಚ್ಚಲಿಲ್ಲ. ಸಹಾಯಕಿಯ ಸ್ಥಾನ ಉಳಿಯಿತು.

ಇಷ್ಟಾದರೂ ಪದವಿಯನ್ನು ಕುರಿತ ಆಕ್ಷೇಪಗಳು ತೀರಿದುವೆಂದು ಹೇಳಲಾಗದು. ವಿಶೇಷ ವೃತ್ತಿಯ ದಾದಿಯರೆಲ್ಲರಿಗೂ 2015ರ ವೇಳೆಗೆ ಈ ಪದವಿಯೇ ಪ್ರವೇಶದ ಮಟ್ಟವಾಗಬೇಕೆಂದು 2004ರಲ್ಲಿ ಸಂಕಲ್ಪಿಸಿದ್ದರು, ಅದು ಕೈಗೂಡಲಿಲ್ಲ. ಅರಿವಳಿಕೆ ಕೊಡುವ ದಾದಿಯರ ವರ್ಗದಲ್ಲಿ ಮಾತ್ರ 2022ರಿಂದ ಹೊಸದಾಗಿ ಸೇರುವವರೆಲ್ಲರೂ ಡಾಕ್ಟರ್ ಪದವಿಗೇ ಓದಬೇಕೆಂಬ ಕಟ್ಟಳೆ ಬಂದಿದೆ. ಹಣದ ಹೊರೆ ದೊಡ್ಡದು. ಕೆಲವರ ಕಾರ್ಯಗಳು ಪದವಿ ಬಂದ ಮರುದಿನವೇ ಕಪಾಟು ಸೇರುತ್ತವೆಂದು ಆ ವೃತ್ತಿಯ ಹಿರಿಯರೇ ನೊಂದುಕೊಳ್ಳುತ್ತಾರೆ. ಬಿರುದಿನ ಜಗಳವಂತೂ ನ್ಯಾಯಾಲಯದವರೆಗೆ ಹೋಗಿದೆ: ದಾದಿಯರು ತಮ್ಮ ಹೆಸರಿನ ಹಿಂದೆ ಡಾಕ್ಟರ್ ಎಂದು ಹಾಕಿಕೊಳ್ಳುವುದನ್ನು ತಡೆಯುವ ಕ್ಯಾಲಿಫೋರ್ನಿಯಾದ ಕಾನೂನನ್ನು ಪ್ರಶ್ನಿಸಿ, ಈ ಪದವಿ ಪಡೆದ ಮೂವರು 2023ರಲ್ಲಿ ದಾವೆ ಹೂಡಿದರು. ನೋವಿನಲ್ಲಿರುವ ರೋಗಿಗೆ ತನ್ನೆದುರು ನಿಂತವರು ವೈದ್ಯರೋ ದಾದಿಯೋ ಎಂಬುದು ಸ್ಪಷ್ಟವಾಗಿ ತಿಳಿಯಬೇಕೆಂಬ ವಾದದಲ್ಲಿ ನ್ಯಾಯವಿದೆ. ಕಷ್ಟಪಟ್ಟು ಗಳಿಸಿದ ಪದವಿಯನ್ನು ಬಚ್ಚಿಡಬೇಕೆ ಎಂಬ ಕೇಳಿಕೆಯಲ್ಲಿಯೂ ನ್ಯಾಯವಿದೆ. ಆಕೆಯ ಮಟ್ಟಿಗೆ ಈ ಜಗಳ ಹುಟ್ಟಲೇ ಇಲ್ಲ. ವಾರ್ಡಿನಲ್ಲಿ ಎಲ್ಲರೂ ಹಿಂದಿನಂತೆಯೇ ಆಕೆಯನ್ನು ಹೆಸರು ಹಿಡಿದು ಕರೆಯುತ್ತಾರೆ. ಎದೆಯ ಮೇಲಿನ ಬಿಲ್ಲೆಯಲ್ಲಿ ‘ದಾದಿ’ ಎಂದೇ ದೊಡ್ಡ ಅಕ್ಷರಗಳಲ್ಲಿದೆ.

ಆಕೆಯನ್ನು ಕಾಡುವ ಆಕ್ಷೇಪ ಬೇರೊಂದು. ಮುಂದಾಳಾದವಳು ದಿನದ ಬಹುಭಾಗವನ್ನು ಸಭೆಗಳಲ್ಲಿಯೂ ಲೆಕ್ಕದ ಹಾಳೆಗಳಲ್ಲಿಯೂ ಕಳೆಯಬೇಕಾಗುತ್ತದೆ. ರೋಗಿಯ ಕೈ ಹಿಡಿದು ಕುಳಿತು ಎಷ್ಟೋ ದಿನಗಳಾಗಿರುತ್ತವೆ. ಹತ್ತಿರವಿದ್ದು ಕೇಳುವುದೇ ಶುಶ್ರೂಷೆಯಾದರೆ, ದೂರ ಸರಿದವಳು ಯಾವ ಅರ್ಥದಲ್ಲಿ ಶುಶ್ರೂಷಕಿ? ಇದಕ್ಕೆ ಆಕೆ ಕಂಡುಕೊಂಡ ಸಮಾಧಾನ ಸಣ್ಣದು. ತಿಂಗಳಿಗೆ ಎರಡು ರಾತ್ರಿ ಆಕೆ ಈಗಲೂ ವಾರ್ಡಿನಲ್ಲಿ ದುಡಿಯುತ್ತಾಳೆ. ಯಾರೂ ವಿಧಿಸಿದ್ದಲ್ಲ.

ಭಾರತದಲ್ಲಿಯೂ ಶುಶ್ರೂಷೆಯಲ್ಲಿ ಡಾಕ್ಟರ್ ಪದವಿ ಪಡೆಯುವ ಮಾರ್ಗವಿದೆ. ಭಾರತೀಯ ಶುಶ್ರೂಷಾ ಪರಿಷತ್ತು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯದ ಸಹಕಾರದಿಂದ ಅದಕ್ಕಾಗಿ ಒಂದು ರಾಷ್ಟ್ರೀಯ ಒಕ್ಕೂಟವನ್ನು ಏರ್ಪಡಿಸಿತು. ಅದು ಸಂಶೋಧನೆಯ ಪದವಿ, ಪಿಎಚ್.ಡಿ. ಹಾಸಿಗೆಯ ಪಕ್ಕದ ಅನುಭವವನ್ನೇ ಪಾಂಡಿತ್ಯದ ಕೊನೆಯ ಮೆಟ್ಟಲಿಗೆ ಏರಿಸುವ ಈ ಇನ್ನೊಂದು ದಾರಿಯನ್ನು ಇಲ್ಲಿಯ ವಿದ್ಯಾವಂತರು ವಿಚಾರಿಸುವುದು ಲೇಸು. ಆಸ್ಪತ್ರೆಗೆ ಹೋಗಿ ಬಂದ ಪ್ರತಿಯೊಂದು ಮನೆಯವರಿಗೂ, ಅಲ್ಲಿ ರಾತ್ರಿ ಎದ್ದು ಬಂದವರು ಯಾರು, ಬರದಿದ್ದವರು ಏಕೆ ಬರಲಿಲ್ಲ ಎಂಬುದು ಚೆನ್ನಾಗಿ ನೆನಪಿರುತ್ತದೆ.

ಮಗಳು ಈ ಕಥೆಯನ್ನೆಲ್ಲ ತಾಯಿಗೆ ಹೇಳಿದ್ದು ಮುಂದಿನ ಭಾನುವಾರ. ತಾಯಿ ಕೊನೆಯವರೆಗೂ ಕೇಳಿದರು. ಆ ತಾಯಿ ತಮ್ಮ ಅತ್ತೆಯವರನ್ನು, ಅವರು ಹಾಸಿಗೆ ಹಿಡಿದ ಮೇಲೆ, ಆರು ವರ್ಷ ನೋಡಿಕೊಂಡವರು. ಆರು ವರ್ಷದಲ್ಲಿ ಬೆನ್ನಿನ ಮೇಲೆ ಒಂದು ಹುಣ್ಣಾಗಲು ಬಿಟ್ಟವರಲ್ಲ.

“ಇಷ್ಟನ್ನು ತಿಳಿಯುವುದಕ್ಕೆ ಅಷ್ಟು ವರ್ಷ ಓದಬೇಕಾಗಿತ್ತೇನೆ? ನಿಮ್ಮಜ್ಜಿಯನ್ನು ನಾನು ರಾತ್ರಿ ಎರಡು ಸಲ, ಅವರು ಕೇಳುವುದಕ್ಕೆ ಮುಂಚೆಯೇ ಎಬ್ಬಿಸಿ ಕರೆದುಕೊಂಡು ಹೋಗುತ್ತಿದ್ದೆ. ನನಗೆ ಯಾರು ಹೇಳಿಕೊಟ್ಟಿದ್ದರು?”

“ನೀನು ಅಜ್ಜಿಯೊಬ್ಬರಿಗೆ ಒಬ್ಬಳಿದ್ದೆಯಮ್ಮ. ಅಲ್ಲಿ ಹನ್ನೊಂದು ಮಂದಿಗೆ ಇಬ್ಬರು. ಆ ಹನ್ನೊಂದು ಮಂದಿಯೂ ಅವರಿಗೆ ಅತ್ತೆಯಲ್ಲ, ಅಜ್ಜಿಯಲ್ಲ. ಅಂಥಲ್ಲಿ ನೀನು ಮಾಡಿದ್ದು ಪ್ರತಿರಾತ್ರಿಯೂ ತಪ್ಪದೆ ನಡೆಯಬೇಕಾದರೆ ಏನೇನು ಬೇಕೋ, ಅದನ್ನು ಓದಿದೆ.”

ತಾಯಿ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಆ ರೈಲ್ವೆಯ ಮುದುಕನಿಗೆ ಹೆಂಡತಿಯಿದ್ದಳೇನೆ?” ಎಂದು ಕೇಳಿದರು.

“ಇದ್ದಳಮ್ಮ. ದಿನವೂ ಸಾಯಂಕಾಲ ಬರುತ್ತಿದ್ದಳು.”

“ಪಾಪ,” ಎಂದರು ತಾಯಿ.

ಮರುದಿನ ಬೆಳಗ್ಗೆ ಮೇಷ್ಟರು ಬೇಲಿಯ ಆಚೆಯಿಂದ ಮತ್ತೆ ವಿಚಾರಿಸಿದಾಗ ಅವರು ತಡವರಿಸಲಿಲ್ಲ. “ಔಷಧದ ಡಾಕ್ಟರೂ ಅಲ್ಲ, ಪುಸ್ತಕದ ಡಾಕ್ಟರೂ ಅಲ್ಲ ಮೇಷ್ಟ್ರೇ. ರೋಗಿಯನ್ನು ನೋಡಿಕೊಳ್ಳುವುದರಲ್ಲಿ ಡಾಕ್ಟರು,” ಎಂದು ಹೇಳಿ, ಹೂವು ಕೊಯ್ಯುವುದಕ್ಕೆ ಹೋದರು.